ಹತ್ತು ಕಂತು

ಹಲ್ ಅಂದರೆ ಹಲ್ಲಲ್ಲ, ಊರು.
ಹಂಬರ್ ನದಿಯ ದಂಡೆಗಿದೆ.
ಹುಣಸೆ ಕಿವುಚಿದ ನೀರಿನ ಬಣ್ಣ ಆ ನದಿಗೆ,
ಬೇಸಿಗೆಯಲ್ಲೂ.
ನಗರಸಭೆಯ ಮೂರನೇ ಮಹಡಿಯಲ್ಲಿ, ಕಿಟಕಿ ಪಕ್ಕ
ನನಗೊಂದು ಕುರ್ಚಿ. ತಾತ್ಕಾಲಿಕ.
ಹೊಸ ಯಂತ್ರ ನುಂಗಿದ್ದನ್ನೆಲ್ಲ
ಹಳೆಯ ಯಂತ್ರಕ್ಕೆ ವಾಪಸು ಉಣಿಸುವ ಕೆಲಸ,
ಒಂದೊಂದೇ ಹೆಸರು, ಒಂದೊಂದೇ ಮನೆ ನಂಬರು.

ಹಳೆಯದರ ಜತೆ ಮೂವತ್ತೊಂದು ವರ್ಷ ಏಗಿದವಳು
ಗ್ಲೆನಿಸ್ ಸ್ಟ್ಯಾದರ್ಸ್.
ಕಪ್ಪು ಪರದೆ, ಹಸಿರು ಅಕ್ಷರ.
ಎಫ್ ಏಳು ಒತ್ತಿದರೆ ಮುಂದೆ, ಎಫ್ ಎಂಟು ಹಿಂದೆ,
ಎಫ್ ಒಂಬತ್ತು ಮಾತ್ರ ಮುಟ್ಟಬೇಡ,
ಯಾಕೆಂದೂ ಕೇಳಬೇಡ.
ಆ ಯಂತ್ರಕ್ಕೆ ಮೂರು ಸಲ ಬೀಳ್ಕೊಡುಗೆ ಆಗಿದೆ.
ಮೂರು ಸಲವೂ ಕೇಕು, ಕ್ರೀಮಿನಲ್ಲಿ ಬರೆದ ಗುಡ್‌ಬೈ.
ನಮ್ಮಲ್ಲಿ ಹೊರಡುವಾಗ ‘ಹೋಗ್ತೀನಿ’ ಅನ್ನಬಾರದು,
‘ಹೋಗಿ ಬರ್ತೀನಿ’ ಅನ್ನಬೇಕು, ಅಂದೆ.
ಗ್ಲೆನಿಸ್ ಚಹಾದಲ್ಲಿ ಬಿಸ್ಕತ್ತು ಅದ್ದುತ್ತ
‘ಹಾಗಾದರೆ ಅದಕ್ಕೆ ನಿಮ್ಮ ಭಾಷೆ ಬರುತ್ತೆ’ ಅಂದಳು.

ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತೇವಲ್ಲ,
ಇಲ್ಲಿ ನಿಜವಾಗಿ ಇಲಿಗಳೇ ಸಿಕ್ಕಿದ್ದು:
ನಾನೂರು, ಬಾಲವಿಲ್ಲದವು,
ನೆಲಮಾಳಿಗೆಯಲ್ಲಿ, ಪೆಟ್ಟಿಗೆ ಸಮೇತ.
ಮತ್ತೆ ಒಬ್ಬ ನಾಗರಿಕ.
ಹೆಸರು ಟೆಸ್ಟ್ ಟೆಸ್ಟ್, ವಾಸ ಒಂದನೇ ನಂಬರು, ಟೆಸ್ಟ್ ರಸ್ತೆ.
ಐದು ವರ್ಷದಲ್ಲಿ ಹೊಸ ಯಂತ್ರ
ಒಂದು ಸಲವೂ ಎಡವದೆ ಸೇವೆ ಮಾಡಿದ್ದು
ಆ ಪುಣ್ಯಾತ್ಮನಿಗೆ ಮಾತ್ರ.
ಅವನನ್ನು ನಾನೇ ಅಳಿಸಿದೆ, ಬುಧವಾರ ಮಧ್ಯಾಹ್ನ.
ಯಾಕೋ ಒಂದು ಕ್ಷಣ ಕೈ ತಡೆಯಿತು.

ಡ್ರೂರಿ ಅನ್ನುವವರು ಕೌಂಟರಿಗೆ ಬರುತ್ತಾರೆ, ಎಂಬತ್ತನಾಲ್ಕು ವಯಸ್ಸು.
ಹದಿನೈದಕ್ಕೇ ದೋಣಿ ಹತ್ತಿ
ಐಸ್‌ಲ್ಯಾಂಡಿನ ಕಡಲಲ್ಲಿ ಕಾಡ್ ಮೀನು ಎಳೆದವರು.
ಮಂಗಳವಾರ ಈಜುವ ರೂಢಿ;
ಕೊಳಕ್ಕೆ ಬೀಗ ಬಿದ್ದ ಮೇಲೆ
ಮಂಗಳವಾರ ಇಲ್ಲಿಗೇ ಬರುತ್ತಾರೆ.
ರಬ್ಬರ್ ಬ್ಯಾಂಡ್ ಸುತ್ತಿದ ಒಂಬತ್ತು ಪತ್ರ,
ಒಂಬತ್ತರಲ್ಲೂ ಬೇರೆ ಬೇರೆ ಬಾಕಿ,
ಒಂದರಲ್ಲಿ ನಗರಸಭೆಯೇ ಅವರಿಗೆ ಕೊಡಬೇಕಂತೆ,
ನಾಲ್ಕು ಪೆನ್ನಿ.
ಯಾವುದು ನಿಜ ಅಂತ ಕೇಳಿದರು.
ಎಲ್ಲದರ ಮೇಲೂ ಸಹಿ ಇದೆ, ಅಂದೆ. ಇನ್ನೇನು ಹೇಳಲಿ.
ಗಾಜಿನ ಆಚೆಯಿಂದ ನಿಧಾನವಾಗಿ ಅಂದರು:
‘ಬಲೆ ಹರಿದರೆ ನಮ್ಮ ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು.
ಇವರದ್ದು ಯಾರು ಮುರಿದರು?’

ಯಾರೂ ಮುರಿಯಲಿಲ್ಲ.
ಹೊರಡಿ ಎನ್ನಲಿಕ್ಕೂ ಕರಾರಿನಲ್ಲಿ ದರವಿತ್ತು,
ಕೊಟ್ಟು ಕಳಿಸಿದರು.
ಆ ರಾತ್ರಿ ಅಡುಗೆಮನೆಯಲ್ಲಿ, ಕರೆಂಟ್ ಬಿಲ್ಲಿನ ಹಿಂದೆ
ಪೆನ್ಸಿಲಿನಲ್ಲಿ ಭಾಗಿಸಿದೆ.
ನನ್ನ ತೆರಿಗೆ ತಿಂಗಳಿಗೆ ನೂರ ನಲವತ್ಮೂರು,
ವರ್ಷಕ್ಕೆ ಹತ್ತು ಕಂತು.
ಹೋದದ್ದು ಎರಡು ಕೋಟಿ ಎಂಬತ್ತಾರು ಲಕ್ಷ ಪೌಂಡು.
ಶೇಷ ಉಳಿಯಲಿಲ್ಲ:
ಇಪ್ಪತ್ತು ಸಾವಿರ ವರ್ಷ.

ಅಂದರೆ ಹಂಬರಿನ ಬಾಯಿಗೆ
ಹಿಮ ಬಿರಡೆ ಜಡಿದಿದ್ದ ಕಾಲಕ್ಕೆ ನಾನು
ತೊಗಲು ಹೊದ್ದು ಬಂದು, ಈ ಕೌಂಟರಿನಲ್ಲಿ
ಮೊದಲ ಕಂತು ಕಟ್ಟಿ ರಸೀದಿ ಇಸಕೊಂಡು,
ಬಿರಡೆ ಕರಗಿ, ಕಡಲು ಏರಿ,
ಯಾರೋ ಇಲ್ಲೊಂದು ಊರು ಕಟ್ಟಿ ಹಲ್ ಎಂದು ಕರೆದು,
ಬಾಂಬು ಬಿದ್ದು, ಮತ್ತೆ ಕಟ್ಟಿ,
ಇಷ್ಟರ ನಡುವೆ ಒಂದು ಕಂತೂ ತಪ್ಪಿಸದೆ ಇದ್ದಿದ್ದರೆ
ಈ ವರ್ಷಕ್ಕೆ ತೀರುತ್ತಿತ್ತು.
ರಸ್ತೆಯ ದೀಪಕ್ಕೆ, ಕಸದ ಲಾರಿಗೆ, ಡ್ರೂರಿಯವರ ಕೊಳಕ್ಕೆ
ಅದರಲ್ಲಿ ಒಂದು ಬಿಡಿಗಾಸೂ ಇಲ್ಲ.
ಹೊಳೆಯಲ್ಲಿ ಹುಣಸೆ ತೊಳೆದದ್ದಕ್ಕೆ ಸರಿಹೋಯಿತು.
ನದಿಯ ಬಣ್ಣವೂ ಹಾಗೇ ಇದೆ.

ಫೆಬ್ರವರಿ, ಮಾರ್ಚಿಗೆ ಕಂತಿಲ್ಲ.
ಆ ಎರಡು ತಿಂಗಳು ಊರಿಗೆ ಊರೇ
ಸ್ವಲ್ಪ ಜೋರಾಗಿ ಉಸಿರಾಡುತ್ತದೆ.
ನಿನ್ನೆ ಒಬ್ಬ ಹುಡುಗ ಬಂದ, ಕೊರಳಲ್ಲಿ ನೀಲಿ ಪಟ್ಟಿ,
ಹೊಸ ಕಂಪನಿ, ಹೊಳೆಯುವ ಬೂಟು.
ಗ್ಲೆನಿಸ್ ಪಕ್ಕ ಕುರ್ಚಿ ಎಳೆದುಕೊಂಡು ಕೂತ.
ಹಳೆಯದು ಹೇಗೆ ಕೆಲಸ ಮಾಡುತ್ತೆ ತೋರಿಸಿ ಅಂದ.
ಬರೆದುಕೊಳ್ಳಲಿಕ್ಕೆ ನನ್ನ ಪೆನ್ಸಿಲು ಕೇಳಿದ.

ಗ್ಲೆನಿಸ್ ಮೇಜಿನ ಖಾನೆ ತೆಗೆದು ನೋಡಿದಳು:
ಅರ್ಧ ಉರಿದ ಮೋಂಬತ್ತಿ,
ಒಣಗಿದ ಕ್ರೀಮು ಮೆತ್ತಿದ ಪ್ಲಾಸ್ಟಿಕ್ ಚಾಕು.
ಇವೆ, ಅನ್ನುವ ಹಾಗೆ ನನ್ನತ್ತ ತಲೆಯಾಡಿಸಿ
ಖಾನೆ ಮುಚ್ಚಿದಳು.